ಸ್ಥಳೀಯ ಸ್ವರಾಜ್ಯದ ಖರೀದಿಯೂ ನ್ಯಾಯವಾದ ಕೂಲಿಯೂ

೧

ನಗರಗಳ ಚರಿತ್ರೆಯನ್ನು ಬರೆಯಹೊರಟವರು ಕೋಟೆ ಕೊತ್ತಲಗಳಿಂದಲೋ, ಬಂದರು ಮಾರುಕಟ್ಟೆಗಳಿಂದಲೋ, ಚುನಾವಣೆಯ ಹೋರಾಟಗಳಿಂದಲೋ ಆರಂಭಿಸುವುದು ವಾಡಿಕೆ. ಪೌರಸಭೆಯ ಖರೀದಿಯ ಕಡತಗಳನ್ನು ಬಿಚ್ಚಿ ನೋಡಿದವರು ವಿರಳ. ಬೀದಿಗೆ ಹಾಸುವ ಕಲ್ಲು, ಪೌರಕಾರ್ಮಿಕನ ಸಮವಸ್ತ್ರ, ಶಾಲೆಯ ಬೆಂಚು, ಆಸ್ಪತ್ರೆಯ ಹೊದಿಕೆ, ಊರ ಬಸ್ಸು, ಕಚೇರಿಯ ಕಾಫಿ ಇವೆಲ್ಲ ಟೆಂಡರಿನ ಪಟ್ಟಿಯಲ್ಲಿ ಒಂದೊಂದು ಸಾಲಾಗಿ ಮುಗಿದುಹೋಗುವ ಸಂಗತಿಗಳು. ಆದರೆ ಆ ಒಂದೊಂದು ಸಾಲಿನ ಹಿಂದೆಯೂ ಎಲ್ಲಿಯೋ ದುಡಿದ ಕೈಗಳಿವೆ. ಎಲ್ಲಿಯೋ ಕಲುಷಿತವಾದ ಗಾಳಿ ನೀರುಗಳಿವೆ. ಎಲ್ಲಿಯೋ ಕೊಡದೆ ಉಳಿಸಿಕೊಂಡ ಕೂಲಿಯೂ ಇರಬಹುದು.

ಖಾಸಗಿಯವನು ತನ್ನ ಹಣದಿಂದ ತನಗೆ ಬೇಕಾದುದನ್ನು ಕೊಳ್ಳುತ್ತಾನೆ. ಅದರ ಪಾಪಪುಣ್ಯಗಳು ಅವನವು. ಪೌರಸಭೆ ಕೊಳ್ಳುವುದಾದರೋ ಎಲ್ಲರ ಹಣದಿಂದ. ಆದುದರಿಂದ ಅದರ ಮೇಲೆ ಎರಡು ಹೊಣೆಗಳು ಒಟ್ಟಿಗೆ ಬೀಳುತ್ತವೆ. ಕಂದಾಯ ತೆತ್ತವನ ಒಂದು ಕಾಸೂ ಪೋಲಾಗಬಾರದು, ಇದು ಮೊದಲನೆಯದು. ಕಂದಾಯ ತೆತ್ತವನ ಹೆಸರಿನಲ್ಲಿ ಅನ್ಯಾಯ ನಡೆಯಬಾರದು, ಇದು ಎರಡನೆಯದು. ಈ ಎರಡು ಹೊಣೆಗಳು ಒಂದನ್ನೊಂದು ತಳ್ಳಾಡಿದಾಗ ಏನು ಮಾಡತಕ್ಕದ್ದು? ಕಡಿಮೆ ದರ ಕೂಗಿದವನಿಗೆ ಕೆಲಸ ಕೊಡುವುದಷ್ಟೇ ಪೌರಸಭೆಯ ಧರ್ಮವೋ, ಅಥವಾ ಆ ಕಡಿಮೆ ದರ ಯಾರ ಹೊಟ್ಟೆಯ ಮೇಲೆ ಹೊಡೆದು ಬಂದುದೆಂದು ಕೇಳುವ ಅಧಿಕಾರವೂ ಅದಕ್ಕೆ ಉಂಟೋ? ಈ ಪ್ರಶ್ನೆಗೆ ಒಂದೂಕಾಲು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಪ್ರಕೃತ ಲೇಖನದಲ್ಲಿ ಅದರ ಕೆಲವು ಘಟ್ಟಗಳನ್ನು ಪರಿಶೀಲಿಸಿ, ಅವುಗಳಿಂದ ನಮಗೆ ದೊರೆಯುವ ಪಾಠವೇನೆಂಬುದನ್ನು ವಿಚಾರಿಸಲಾಗಿದೆ.

ಹೊರನಾಡ ಕನ್ನಡಿಗರಾದ ನಮಗೆ ಈ ವಿಚಾರ ದೂರದ್ದಲ್ಲ. ನಾವು ನೆಲಸಿದ ಮಹಾನಗರಗಳಿಗೆ ನಾವು ಕಂದಾಯ ತೆರುತ್ತೇವೆ. ಅವುಗಳ ಚುನಾವಣೆಗಳಲ್ಲಿ ಮತ ಹಾಕುತ್ತೇವೆ. ಅದೇ ನಗರಗಳ ರಸ್ತೆ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆಯಿಂದ ಸಂಸಾರಸಮೇತರಾಗಿ ಬರುವ ಕೂಲಿಕಾರರೂ ಕನ್ನಡಿಗರೇ. ಅಂದಮೇಲೆ ಕೊಳ್ಳುವ ಕೈಯೂ ನಮ್ಮದು, ದುಡಿಯುವ ಕೈಯೂ ನಮ್ಮದು ಎಂದರೆ ತಪ್ಪಾಗಲಾರದು.

೨

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಲಂಡನ್ನಿನಿಂದ ಆರಂಭಿಸುವುದು ಯುಕ್ತ. ಆ ನಗರದ ಪೂರ್ವಭಾಗದ ಇಕ್ಕಟ್ಟಾದ ಕೋಣೆಗಳಲ್ಲಿ ಬಟ್ಟೆ ಹೊಲಿಯುವವರು, ಜೋಡು ಮಾಡುವವರು, ಪೆಟ್ಟಿಗೆ ಅಂಟಿಸುವವರು ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ದುಡಿಯುತ್ತಿದ್ದರು. ಕೆಲಸವನ್ನು ದೊಡ್ಡ ಗುತ್ತಿಗೆದಾರನು ಹಿಡಿದು ಚಿಕ್ಕವನಿಗೆ ಒಪ್ಪಿಸುವನು. ಚಿಕ್ಕವನು ಇನ್ನೂ ಚಿಕ್ಕವನಿಗೆ. ಪ್ರತಿ ಮೆಟ್ಟಿಲಲ್ಲಿಯೂ ಒಂದು ಪಾಲು ಸೋರಿಹೋಗಿ ತಳದಲ್ಲಿದ್ದವರಿಗೆ ಗಂಜಿಗೆ ಸಾಲದಷ್ಟು ಉಳಿಯುತ್ತಿತ್ತು. ಈ ‘ಬೆವರಿಳಿಸುವ ಪದ್ಧತಿ’ಯನ್ನು ವಿಚಾರಿಸಲು ೧೮೮೮ರಲ್ಲಿ ಪ್ರಭುಗಳ ಸಭೆಯ ಸಮಿತಿಯೊಂದು ನೇಮಕವಾಯಿತು. ಸರಕಾರಕ್ಕೆ ಸರಬರಾಯಿ ಮಾಡುವ ಸಾಮಾನುಗಳೂ ಇದೇ ಕೋಣೆಗಳಿಂದ ಬರುತ್ತಿದ್ದುವೆಂಬುದು ಅಲ್ಲಿನ ಸಾಕ್ಷ್ಯಗಳಿಂದ ಹೊರಬಿದ್ದಿತು.

ಅದೇ ವರ್ಷದ ನವೆಂಬರಿನಲ್ಲಿ ಲಂಡನ್ ಸ್ಕೂಲ್ ಬೋರ್ಡಿಗೆ ಚುನಾವಣೆ ನಡೆದು ಆ್ಯನಿ ಬೆಸಂಟ್ ಸದಸ್ಯೆಯಾಗಿ ಆರಿಸಿಬಂದರು. ಮುಂದೆ ೧೯೧೬ರಲ್ಲಿ ಹೋಂರೂಲ್ ಲೀಗನ್ನು ಕಟ್ಟಿ ೧೯೧೭ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಬೆಸಂಟರನ್ನು ನಾವು ಬಲ್ಲೆವು. ೧೮೮೮ರ ಜುಲೈಯಲ್ಲಿ ಬೆಂಕಿಕಡ್ಡಿ ಕಾರ್ಖಾನೆಯ ಹುಡುಗಿಯರ ಮುಷ್ಕರಕ್ಕೆ ಬೆಂಬಲವಾಗಿ ನಿಂತಿದ್ದ ಬೆಸಂಟರನ್ನು ಬಲ್ಲವರು ಕಡಿಮೆ. ಬೋರ್ಡಿನೊಳಗೆ ಅವರು ಎತ್ತಿದ ಮಾತು ಸರಳವಾದುದು. ಬಡವರ ಮಕ್ಕಳಿಗೆ ವಿದ್ಯೆ ಕೊಡಲೆಂದು ಕಟ್ಟುವ ಶಾಲೆಯನ್ನು ಆ ಮಕ್ಕಳ ತಂದೆಯ ಕೂಲಿಯನ್ನು ಕತ್ತರಿಸಿ ಕಟ್ಟಬಾರದು. ೧೮೮೯ರಲ್ಲಿ ಬೋರ್ಡು ತನ್ನ ಗುತ್ತಿಗೆದಾರರು ನ್ಯಾಯವಾದ ಕೂಲಿಯನ್ನು ಕೊಡತಕ್ಕದ್ದೆಂಬ ಕರಾರನ್ನು ವಿಧಿಸಿತು. ಅದೇ ವರ್ಷ ಹೊಸದಾಗಿ ಅಸ್ತಿತ್ವಕ್ಕೆ ಬಂದ ಲಂಡನ್ ಕೌಂಟಿ ಕೌನ್ಸಿಲು ಅದೇ ದಾರಿಯನ್ನು ಹಿಡಿಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪಾರ್ಲಿಮೆಂಟು ಈ ವಿಷಯದಲ್ಲಿ ಮುಂದಾಳಲ್ಲ, ಹಿಂಬಾಲಕ. ಸ್ಥಳೀಯ ಸಂಸ್ಥೆಗಳು ದಾರಿ ತೋರಿದ ಮೇಲೆಯೇ, ೧೮೯೧ರ ಫೆಬ್ರವರಿ ೧೩ರಂದು, ಕಾಮನ್ಸ್ ಸಭೆಯು ಪ್ರಸಿದ್ಧವಾದ ನ್ಯಾಯಕೂಲಿ ನಿರ್ಣಯವನ್ನು ಅಂಗೀಕರಿಸಿತು. ಸರಕಾರದ ಗುತ್ತಿಗೆಗಳಲ್ಲಿ ಬೆವರಿಳಿಸುವ ಪದ್ಧತಿಗೆ ತಡೆ ಇರಬೇಕು, ಮರುಗುತ್ತಿಗೆಗೆ ಕಡಿವಾಣ ಬೀಳಬೇಕು, ಆಯಾ ಕಸುಬಿನಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಕೂಲಿ ದೊರೆಯಬೇಕು ಎಂಬುದೇ ಅದರ ಸಾರ. ೧೯೦೯ರಲ್ಲಿಯೂ ೧೯೪೬ರಲ್ಲಿಯೂ ಇದನ್ನು ಪರಿಷ್ಕರಿಸಿ ಬಲಪಡಿಸಿದರು.

ಕೌಂಟಿ ಕೌನ್ಸಿಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ೧೮೯೨ರಲ್ಲಿ ತನ್ನದೇ ಕಾಮಗಾರಿ ಇಲಾಖೆಯನ್ನು ತೆರೆದು, ಗುತ್ತಿಗೆದಾರನ ನೆರವಿಲ್ಲದೆ ತಾನೇ ಕೂಲಿಕಾರರನ್ನು ಇಟ್ಟುಕೊಂಡು ಕೆಲಸ ಮಾಡಿಸತೊಡಗಿತು. ಆದರೆ ೧೯೦೭ರ ಚುನಾವಣೆಯಲ್ಲಿ ಬಹುಮತ ಬದಲಾಯಿತು. ೧೯೦೯ರಲ್ಲಿ ಆ ಇಲಾಖೆಯನ್ನು ಮುಚ್ಚಿಬಿಟ್ಟರು. ಖರೀದಿಯ ನೀತಿ ಎಂಬುದು ಒಮ್ಮೆ ಗೆದ್ದು ಮುಗಿಯುವ ಕಾಳಗವಲ್ಲ, ಚುನಾವಣೆಯಿಂದ ಚುನಾವಣೆಗೆ ಅಲುಗಾಡುವ ವಸ್ತು ಎಂಬುದಕ್ಕೆ ಇದು ಮೊದಲನೆಯ ನಿದರ್ಶನ.

೩

ಇಂಥ ಕರಾರನ್ನು ವಿಧಿಸುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಎಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ನಿಷ್ಠುರವಾಗಿ ಎದುರಿಸಿದ್ದು ಅಮೆರಿಕೆಯ ನ್ಯಾಯಾಲಯ. ಕಾನ್ಸಾಸ್ ಸಂಸ್ಥಾನವು ೧೮೯೧ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಸಂಸ್ಥಾನಕ್ಕಾಗಲಿ, ಅದರ ಜಿಲ್ಲೆ ನಗರಗಳಿಗಾಗಲಿ ದುಡಿಯುವ ಕೂಲಿಕಾರನಿಂದ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೆಲಸ ತೆಗೆಯಕೂಡದೆಂಬುದು ಅದರ ವಿಧಿ. ಕಾನ್ಸಾಸ್ ನಗರದ ಒಂದು ರಸ್ತೆಗೆ ಕಲ್ಲುಹಾಸು ಹಾಕಲು ಗುತ್ತಿಗೆ ಹಿಡಿದವನು ಕೂಲಿಕಾರನಿಂದ ಹತ್ತು ಗಂಟೆ ದುಡಿಸಿದನು. ಅವನಿಗೆ ದಂಡ ಬಿದ್ದಿತು. ಕೆಲಸಗಾರನೇ ಒಪ್ಪಿ ದುಡಿದಿರುವಾಗ ಅಡ್ಡಬರಲು ನೀವಾರು ಎಂದು ಅವನು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದನು.

೧೯೦೩ರಲ್ಲಿ ಬಂದ ತೀರ್ಪು ಅವನಿಗೆ ವಿರುದ್ಧವಾಯಿತು. ಬಹುಮತದ ಅಭಿಪ್ರಾಯವನ್ನು ಬರೆದವರು ನ್ಯಾಯಮೂರ್ತಿ ಹಾರ್ಲನ್. ಅವರ ವಾದದ ತಿರುಳು ಇದು. ಸಾರ್ವಜನಿಕ ಕೆಲಸವನ್ನು ಮಾಡಿಸುವಾಗ ಸಂಸ್ಥಾನವು ತನ್ನ ಜನರ ಧರ್ಮದರ್ಶಿಯಂತೆ ವರ್ತಿಸುತ್ತದೆ. ತನ್ನ ಕೆಲಸವು ಯಾವ ನಿಬಂಧನೆಗಳ ಮೇಲೆ ನಡೆಯಬೇಕೆಂದು ಹೇಳುವುದು ಅದರ ಹಕ್ಕು. ಆ ನಿಬಂಧನೆ ಹಿಡಿಸದವನು ಆ ಕೆಲಸವನ್ನು ಹಿಡಿಯಬೇಕಾಗಿಲ್ಲ.

ಈ ತೀರ್ಪಿನ ಬೆಲೆ ತಿಳಿಯಬೇಕಾದರೆ ಎರಡು ವರ್ಷಗಳ ತರುವಾಯ, ೧೯೦೫ರಲ್ಲಿ, ಅದೇ ನ್ಯಾಯಾಲಯವು ಕೊಟ್ಟ ಲಾಕ್ನರ್ ತೀರ್ಪನ್ನು ಜೊತೆಗಿಟ್ಟು ನೋಡಬೇಕು. ಖಾಸಗಿ ರೊಟ್ಟಿ ಅಂಗಡಿಗಳ ಕೆಲಸದ ವೇಳೆಯನ್ನು ನ್ಯೂಯಾರ್ಕ್ ಸಂಸ್ಥಾನವು ಮಿತಗೊಳಿಸಿದಾಗ ನ್ಯಾಯಾಲಯವು ಆ ಕಾಯಿದೆಯನ್ನು ತಳ್ಳಿಹಾಕಿತು. ಒಡೆಯನಾಗಿ ಆಜ್ಞಾಪಿಸಿದಾಗ ದೊರೆಯದ ಅಧಿಕಾರ ಕೊಳ್ಳುವವನಾಗಿ ಕರಾರು ಹಾಕಿದಾಗ ದೊರೆಯಿತು! ಆಳುವ ಕೈಗೂ ಕೊಳ್ಳುವ ಕೈಗೂ ಇರುವ ಈ ಅಂತರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

೪

ನಮ್ಮ ದೇಶದಲ್ಲಿ ಇದೇ ವಿಚಾರವು ಬೇರೊಂದು ವೇಷದಲ್ಲಿ ಪ್ರವೇಶಿಸಿತು. ೧೯೨೩ರ ಕಾಯಿದೆಯಂತೆ ಪುನರ್ರಚಿತವಾದ ಕಲಕತ್ತೆಯ ಕಾರ್ಪೊರೇಶನ್ನಿಗೆ ೧೯೨೪ರಲ್ಲಿ ದೇಶಬಂಧು ಚಿತ್ತರಂಜನ ದಾಸರು ಮೊದಲ ಮೇಯರರಾದರು. ಇಪ್ಪತ್ತೇಳು ವರ್ಷದ ಸುಭಾಷಚಂದ್ರ ಬೋಸರು ಮುಖ್ಯ ಕಾರ್ಯನಿರ್ವಾಹಕಾಧಿಕಾರಿಯಾದರು. ಆ ಕಾಲದಲ್ಲಿ ಖಾದಿಯು ಕಾರ್ಪೊರೇಶನ್ನಿನ ನೌಕರರ ಅಧಿಕೃತ ಸಮವಸ್ತ್ರವಾಯಿತೆಂಬುದನ್ನು ಬೋಸರೇ ತಮ್ಮ ಗ್ರಂಥದಲ್ಲಿ ಸ್ಮರಿಸಿದ್ದಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಸರಕಾರ ಅವರನ್ನು ಬಂಧಿಸಿತು. ಆದರೆ ಒಂದು ಪೌರಸಂಸ್ಥೆ ತನ್ನ ಬಟ್ಟೆಯ ಖರೀದಿಯ ಮೂಲಕ ಹಳ್ಳಿಯ ಚರಕದ ಪಕ್ಷ ವಹಿಸಬಲ್ಲುದೆಂಬುದು ಸಿದ್ಧವಾಗಿಹೋಗಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಸದಸ್ಯತ್ವದ ವಂತಿಗೆಯಾಗಿ ನೂಲನ್ನು ಕೊಡಬೇಕೆಂಬ ನಿಯಮ ಅಲ್ಲಿ ಅಂಗೀಕೃತವಾಯಿತು. ಆ ಅಧಿವೇಶನದ ಬೆನ್ನೆಲುಬಾಗಿದ್ದ ಗಂಗಾಧರರಾವ್ ದೇಶಪಾಂಡೆಯವರು ಹುದಲಿಯಲ್ಲಿ ಖಾದಿ ಕೇಂದ್ರವನ್ನು ಬೆಳೆಸಿ ಕರ್ನಾಟಕದ ಖಾದಿ ಭಗೀರಥರೆನಿಸಿದರು.

ಗಿರಣಿಯ ಬಟ್ಟೆಗಿಂತ ಖಾದಿ ತುಟ್ಟಿ ಎಂಬ ಆಕ್ಷೇಪ ಅಂದೂ ಇತ್ತು. ಆ ಹೆಚ್ಚಿನ ಬೆಲೆ ಪೋಲಾದ ಹಣವಲ್ಲ, ನೂಲುವವಳ ಕೂಲಿ ಎಂಬುದು ಅದಕ್ಕೆ ಕೊಟ್ಟ ಉತ್ತರ. ಉತ್ತರವೇನೋ ಸೊಗಸಾಗಿದೆ, ಆದರೆ ಅದು ಸಂಪೂರ್ಣವಾಗಿ ಸತ್ಯವಾಗಿತ್ತೇ? ಖಾದಿಯನ್ನು ಆದಷ್ಟು ಅಗ್ಗವಾಗಿ ಮಾರಬೇಕೆಂಬ ಆತುರದಲ್ಲಿ ನೂಲುವ ಹೆಂಗಸರಿಗೆ ದೊರೆಯುತ್ತಿದ್ದುದು ಅತ್ಯಲ್ಪ. ಇದನ್ನು ಕಂಡು ಮರುಗಿದ ಗಾಂಧೀಜಿಯವರು ಹಟ ಹಿಡಿದ ಫಲವಾಗಿ ೧೯೩೫ರಲ್ಲಿ ಅಖಿಲ ಭಾರತ ಚರಕಾ ಸಂಘವು, ನೂಲುವವರಿಗೆ ಜೀವನಕ್ಕೆ ಸಾಕಾಗುವಷ್ಟು ಕೂಲಿ ಸಿಗಬೇಕೆಂಬ ತತ್ತ್ವವನ್ನು ಒಪ್ಪಿ ದರಗಳನ್ನು ಏರಿಸಿತು. ಸ್ವದೇಶೀ ಎಂದಮಾತ್ರಕ್ಕೆ ವಸ್ತು ನ್ಯಾಯವಾದುದಾಗುವುದಿಲ್ಲ. ಎಲ್ಲಿ ತಯಾರಾಯಿತೆಂಬುದು ಒಂದು ಪ್ರಶ್ನೆ. ಹೇಗೆ ತಯಾರಾಯಿತೆಂಬುದು ಮತ್ತೊಂದು. ಮೊದಲನೆಯದಕ್ಕೆ ಉತ್ತರ ಹೇಳಿ ಎರಡನೆಯದರಿಂದ ಜಾರಿಕೊಳ್ಳುವ ಚಪಲ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಈ ಪರಂಪರೆಯ ಒಂದು ಎಳೆ ಹುಬ್ಬಳ್ಳಿಯ ಬೆಂಗೇರಿಗೆ ಬಂದು ಸೇರುತ್ತದೆ. ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಮುಂದೆ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ರಾಷ್ಟ್ರಧ್ವಜವನ್ನು ಸಿದ್ಧಪಡಿಸತೊಡಗಿತು. ಸರಕಾರಿ ಕಟ್ಟಡಗಳ ಮೇಲೆ ಹಾರುವ ಧ್ವಜ ಖಾದಿಯದೇ ಆಗಿರಬೇಕೆಂಬ ಸಂಹಿತೆಯ ಒಂದು ವಾಕ್ಯವೇ ಬಾಗಲಕೋಟೆಯ ಕಡೆ ನೂಲುವ, ನೇಯುವ ಹೆಂಗಸರಿಗೂ ಬೆಂಗೇರಿಯಲ್ಲಿ ಹೊಲಿಯುವವರಿಗೂ ಅನ್ನವಾಯಿತು. ೨೦೨೧ರ ಡಿಸೆಂಬರಿನಲ್ಲಿ ಸಂಹಿತೆಯನ್ನು ತಿದ್ದಿ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟಾಗ ಸಂಘವು ಅದನ್ನು ವಿರೋಧಿಸಿತು. ತಿದ್ದುಪಡಿಯ ಸಾಧುತ್ವವನ್ನು ಕುರಿತು ಭಿನ್ನಾಭಿಪ್ರಾಯ ಸಹಜ. ಖರೀದಿಯ ನಿಯಮದಲ್ಲಿ ಒಂದು ಪದ ಬದಲಾದರೆ ದೂರದ ಹಳ್ಳಿಯ ಮಗ್ಗ ನಡುಗುತ್ತದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

೫

ಎರಡನೆಯ ಮಹಾಯುದ್ಧವಾದ ಮೇಲೆ ನ್ಯಾಯಕೂಲಿಯ ಕರಾರು ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ೧೯೪೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ತನ್ನ ೯೪ನೆಯ ಒಪ್ಪಂದದಲ್ಲಿ ಸಾರ್ವಜನಿಕ ಗುತ್ತಿಗೆಗಳಿಗೆಲ್ಲ ಇಂಥ ಕರಾರು ಇರಬೇಕೆಂದು ಗೊತ್ತುಪಡಿಸಿತು. ಬ್ರಿಟನ್ ಮರುವರ್ಷವೇ ಅದನ್ನು ಸ್ಥಿರೀಕರಿಸಿತು. ಭಾರತವು ಸ್ಥಿರೀಕರಿಸಿಲ್ಲ.

ಆದರೆ ಹುಟ್ಟಿದ ಮನೆಯಲ್ಲಿಯೇ ಕರಾರಿಗೆ ಕುತ್ತು ಬಂದಿತು. ೧೯೮೨ರಲ್ಲಿ ಬ್ರಿಟನ್ ಒಪ್ಪಂದದಿಂದ ಹೊರಬಂದು, ೧೯೮೩ರಲ್ಲಿ ತೊಂಬತ್ತೆರಡು ವರ್ಷಗಳ ಹಳೆಯ ನಿರ್ಣಯವನ್ನು ರದ್ದುಮಾಡಿತು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯನ್ನು ವಿರೋಧಿಸಿ ಅನೇಕ ಪೌರಸಭೆಗಳು ಆ ದೇಶದ ಹಣ್ಣು ಹಂಪಲುಗಳನ್ನೂ, ಅಲ್ಲಿ ವ್ಯವಹಾರವಿದ್ದ ಕಂಪನಿಗಳನ್ನೂ ಬಹಿಷ್ಕರಿಸತೊಡಗಿದ್ದುವು. ಲಂಡನ್ನಿನ ಲೂಯಿಷಮ್ ಪೌರಸಭೆಯು ಶೆಲ್ ಕಂಪನಿಯ ತೈಲವನ್ನು ಕೊಳ್ಳಬಾರದೆಂದು ತೀರ್ಮಾನಿಸಿ ಇತರ ಸಭೆಗಳಿಗೂ ಕರೆಕೊಟ್ಟಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ೧೯೮೮ರಲ್ಲಿ ವರದಿಯಾದ ಆ ತೀರ್ಪು ಸೂಕ್ಷ್ಮವಾದುದು. ತನ್ನ ಊರಿನಲ್ಲಿ ಜನಾಂಗಗಳ ನಡುವೆ ಸೌಹಾರ್ದವನ್ನು ಬೆಳೆಸುವ ಉದ್ದೇಶ ಪೌರಸಭೆಗೆ ಸಲ್ಲುವಂಥದೇ. ಆದರೆ ಕಾನೂನನ್ನು ಮುರಿಯದ ಒಂದು ಕಂಪನಿಯನ್ನು ಒತ್ತಾಯದಿಂದ ಬೇರೊಂದು ದೇಶದಿಂದ ಹೊರಡಿಸುವ ಉದ್ದೇಶವೂ ಅದರೊಡನೆ ಬೆರೆತುದರಿಂದ ತೀರ್ಮಾನ ಅಸಿಂಧುವಾಯಿತು. ಅದೇ ವರ್ಷದ ಸ್ಥಳೀಯ ಸರಕಾರ ಕಾಯಿದೆಯ ೧೭ನೆಯ ಕಲಮು, ಗುತ್ತಿಗೆದಾರನ ಕೆಲಸಗಾರರ ಸ್ಥಿತಿಗತಿಯನ್ನೂ ಸಾಮಾನಿನ ಮೂಲದೇಶವನ್ನೂ ‘ವಾಣಿಜ್ಯೇತರ’ ವಿಷಯಗಳೆಂದು ಹೆಸರಿಸಿ, ಪೌರಸಭೆಗಳು ಅವನ್ನು ಪರಿಗಣಿಸಕೂಡದೆಂದು ನಿಷೇಧಿಸಿತು. ಬೆಸಂಟರು ೧೮೮೯ರಲ್ಲಿ ತೆರೆಸಿದ ಬಾಗಿಲಿಗೆ ೧೯೮೮ರಲ್ಲಿ ಬೀಗ ಬಿದ್ದಿತು.

ಅಮೆರಿಕೆಯಲ್ಲಿಯೂ ಇಂಥದೇ ಒಂದು ಪ್ರಸಂಗ ನಡೆಯಿತು. ಬರ್ಮಾದ ಸೈನಿಕ ಆಡಳಿತವನ್ನು ವಿರೋಧಿಸಿ ಅಲ್ಲಿ ವ್ಯವಹಾರ ನಡೆಸುವವರಿಂದ ಕೊಳ್ಳಲು ಅಡ್ಡಿಪಡಿಸುವ ಕಾಯಿದೆಯನ್ನು ಮಸಾಚುಸೆಟ್ಸ್ ಸಂಸ್ಥಾನವು ೧೯೯೬ರಲ್ಲಿ ಮಾಡಿತು. ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಸರ್ವಾನುಮತದಿಂದ ತಳ್ಳಿಹಾಕಿತು. ಈ ಎರಡು ಸೋಲುಗಳಿಗೂ ಒಂದು ಸಾಮಾನ್ಯ ಲಕ್ಷಣವಿದೆ. ಎರಡರಲ್ಲಿಯೂ ಖರೀದಿದಾರನ ಕಣ್ಣು ಕೊಳ್ಳುವ ವಸ್ತುವಿನ ಮೇಲಿರಲಿಲ್ಲ, ಮಾರುವವನ ಇತರ ವ್ಯವಹಾರಗಳ ಮೇಲಿತ್ತು. ಕಾನ್ಸಾಸಿನ ಕಲ್ಲುಹಾಸಿನ ಪ್ರಕರಣದಲ್ಲಾದರೋ ಕರಾರು ಆ ಕೆಲಸಕ್ಕೇ ಅಂಟಿಕೊಂಡಿತ್ತು.

೬

ಮುಚ್ಚಿದ ಬಾಗಿಲು ಮತ್ತೆ ತೆರೆದದ್ದು ಯುರೋಪಿನ ಉತ್ತರದಲ್ಲಿ, ಒಂದು ಬಸ್ಸಿನ ಮಾರ್ಗದ ನೆಪದಿಂದ. ೧೯೯೭ರಲ್ಲಿ ಹೆಲ್ಸಿಂಕಿ ನಗರವು ಬಸ್ಸುಗಳ ಓಡಾಟಕ್ಕೆ ಟೆಂಡರು ಕರೆಯಿತು. ದರಕ್ಕೆ ಇಂತಿಷ್ಟು ಅಂಕಗಳೆಂದು ಗೊತ್ತುಪಡಿಸಿ, ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡಿನ ಪ್ರಮಾಣ ಕಡಿಮೆ ಇರುವ, ಸದ್ದು ೭೭ ಡೆಸಿಬೆಲ್‌ಗಿಂತ ಕಡಿಮೆ ಇರುವ ಬಸ್ಸುಗಳಿಗೆ ಹೆಚ್ಚಿನ ಅಂಕಗಳನ್ನು ಇಟ್ಟಿತ್ತು. ಸೋತ ಕಂಪನಿಯು ನ್ಯಾಯಾಲಯದ ಮೆಟ್ಟಿಲೇರಿತು. ಗಾಳಿ ಶುದ್ಧವಾದರೆ ನಗರಸಭೆಯ ಬೊಕ್ಕಸಕ್ಕೆ ಏನು ಲಾಭ, ಎಂಬುದು ವಾದದ ಒಂದು ಮುಖ.

ಯುರೋಪಿನ ನ್ಯಾಯಾಲಯವು ೨೦೦೨ರ ಸೆಪ್ಟೆಂಬರ್ ೧೭ರಂದು ಕೊಟ್ಟ ತೀರ್ಪಿನಲ್ಲಿ, ಲಾಭವೆಂದರೆ ಹಣದ ಲಾಭವೇ ಆಗಬೇಕಿಲ್ಲವೆಂದು ಹೇಳಿ ನಾಲ್ಕು ಕಟ್ಟಳೆಗಳನ್ನು ವಿಧಿಸಿತು. ನಿಬಂಧನೆಯು ಕೊಳ್ಳುವ ವಸ್ತುವಿಗೆ ಸಂಬಂಧಪಟ್ಟುದಾಗಿರಬೇಕು. ಅಧಿಕಾರಿಗೆ ಮನಬಂದಂತೆ ಆರಿಸುವ ಸ್ವೇಚ್ಛೆಯನ್ನು ಕೊಡಬಾರದು. ಟೆಂಡರಿನಲ್ಲಿ ಮೊದಲೇ ಸ್ಪಷ್ಟವಾಗಿ ಪ್ರಕಟವಾಗಿರಬೇಕು. ಯಾರಿಗೂ ಪಕ್ಷಪಾತ ಮಾಡಬಾರದು.

ಇದಾದ ಹತ್ತು ವರ್ಷಗಳಿಗೆ ಕಾಫಿಯ ಸರದಿ ಬಂದಿತು. ಹಾಲೆಂಡಿನ ಉತ್ತರ ಹಾಲೆಂಡ್ ಪ್ರಾಂತವು ತನ್ನ ಕಚೇರಿಗಳ ಕಾಫಿ ಯಂತ್ರಗಳಿಗಾಗಿ ೨೦೦೮ರಲ್ಲಿ ಟೆಂಡರು ಕರೆದಾಗ, ‘ಮ್ಯಾಕ್ಸ್ ಹಾವೆಲಾರ್’ ಮತ್ತು ‘ಏಕೋ’ ಎಂಬ ಮುದ್ರೆಗಳನ್ನು ಉಲ್ಲೇಖಿಸಿತು. ಮೊದಲನೆಯದು ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಂದಿದೆಯೆಂಬುದಕ್ಕೆ ಗುರುತು, ಎರಡನೆಯದು ಸಾವಯವ ಬೇಸಾಯಕ್ಕೆ ಗುರುತು. ಮ್ಯಾಕ್ಸ್ ಹಾವೆಲಾರ್ ಎಂಬುದು ಜಾವಾದ ರೈತರಿಂದ ಬಲಾತ್ಕಾರವಾಗಿ ಕಾಫಿ ಬೆಳೆಸುತ್ತಿದ್ದ ಡಚ್ಚರ ಆಡಳಿತವನ್ನು ಬಯಲಿಗೆಳೆದ, ೧೮೬೦ರಲ್ಲಿ ಪ್ರಕಟವಾದ ಕಾದಂಬರಿಯೊಂದರ ಹೆಸರು. ಆ ಹೆಸರನ್ನೇ ೧೯೮೮ರಲ್ಲಿ ಮುದ್ರೆಗೆ ಇಟ್ಟರು. ಜಾವಾಕ್ಕೆ ಕಾಫಿ ಹೋದುದೆಲ್ಲಿಂದ? ಹದಿನೇಳನೆಯ ಶತಮಾನದ ಕೊನೆಯಲ್ಲಿ ಡಚ್ಚರು ಅದನ್ನು ಒಯ್ದುದು ಮಲಬಾರದ ಕರಾವಳಿಯಿಂದ. ಬಾಬಾಬುಡನರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟ ಜನಪ್ರಸಿದ್ಧ ಕಥೆಯನ್ನು ಬಲ್ಲ ನಮಗೆ ಈ ಕಾಫಿಯ ದಾರಿ ಅಪರಿಚಿತವೆನಿಸದು.

೨೦೧೨ರ ಮೇ ೧೦ರಂದು ಬಂದ ತೀರ್ಪಿನಲ್ಲಿ ಪ್ರಾಂತವು ಸೋತಿತು. ಆದರೆ ಅದರ ತತ್ತ್ವ ಗೆದ್ದಿತು. ಇಂಥದೇ ಮುದ್ರೆ ಬೇಕೆಂದು ಹಟಹಿಡಿಯಕೂಡದು. ಮುದ್ರೆಯ ಹಿಂದಿರುವ ಗುಣಗಳನ್ನು ವಿವರವಾಗಿ ಬರೆದು, ಅವು ಇವೆಯೆಂದು ಯಾವ ರೀತಿಯಲ್ಲಿ ರುಜುವಾತು ಮಾಡಿದರೂ ಒಪ್ಪಬೇಕು. ಬೆಳೆಗಾರನಿಗೆ ದೊರೆತ ಬೆಲೆಯು ಬಟ್ಟಲಿನ ಕಾಫಿಯ ರುಚಿಯನ್ನು ಬದಲಿಸದಿದ್ದರೂ ಅದು ಆ ಕಾಫಿಗೆ ಸಂಬಂಧಪಟ್ಟ ಗುಣವೇ ಎಂದು ನ್ಯಾಯಾಲಯ ಒಪ್ಪಿತು. ವಸ್ತುವಿನ ಹುಟ್ಟಿನ ಇತಿಹಾಸವೂ ವಸ್ತುವಿನ ಭಾಗವೇ ಎಂಬ ಈ ಮಾತು ೨೦೧೪ರ ಯುರೋಪಿನ ಖರೀದಿ ನಿರ್ದೇಶದಲ್ಲಿ ಶಾಸನವಾಯಿತು.

೭

ಈಗ ಕಲ್ಲಿಗೆ ಬರೋಣ. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪುಕಲ್ಲು ದೇಶಾಂತರಗಳಿಗೆ ಹೋಗುತ್ತವೆ. ಕರಿಯ ಕಲ್ಲು ಯುರೋಪಿನ ಸ್ಮಶಾನಗಳಲ್ಲಿ ಸಮಾಧಿಶಿಲೆಯಾಗಿ ನಿಲ್ಲುತ್ತದೆ. ಆ ಕಲ್ಲನ್ನು ಕಡಿದವನ ಬದುಕು ಹೇಗಿದ್ದೀತು? ೨೦೦೦ದಲ್ಲಿ ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಸಂಕೋಲೆ ತೊಡಿಸಿದ ಜೀತಗಾರರು ಪತ್ತೆಯಾದಾಗ ನಾಡಿಗೆ ನಾಡೇ ತಲೆತಗ್ಗಿಸಿತು. ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆ ಬಂದುದು ೧೯೭೬ರಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬೇಕು. ೨೦೧೭ರಲ್ಲಿ ಡಚ್ಚರ ಸಂಘಟನೆಗಳು ತೆಲಂಗಾಣ, ಆಂಧ್ರ, ಕರ್ನಾಟಕಗಳ ಗ್ರಾನೈಟ್ ಗಣಿಗಳನ್ನು ಕುರಿತು ಹೊರತಂದ ವರದಿಯು ಮುಂಗಡ ಸಾಲದ ಬಿಗಿತ, ಕಲ್ಲುಧೂಳಿನ ರೋಗ, ಒಡೆದುಳಿದ ಕಲ್ಲಿನ ಕೆಲಸದಲ್ಲಿ ಮಕ್ಕಳ ದುಡಿಮೆ ಇವುಗಳನ್ನು ಮುಂದಿಟ್ಟಿತು.

ಜರ್ಮನಿಯ ನ್ಯೂರೆಂಬರ್ಗ್ ನಗರಸಭೆಯು, ತನ್ನ ಸ್ಮಶಾನಗಳಲ್ಲಿ ನಿಲ್ಲುವ ಸಮಾಧಿಶಿಲೆಗಳು ಮಕ್ಕಳ ದುಡಿಮೆಯಿಂದ ತಯಾರಾದುವಲ್ಲವೆಂದು ರುಜುವಾತು ಮಾಡಬೇಕೆಂಬ ನಿಯಮವನ್ನು ಮಾಡಿತು. ಕಲ್ಲುಕುಟಿಗನೊಬ್ಬನು ಇದನ್ನು ಪ್ರಶ್ನಿಸಿದನು. ೨೦೧೧ರಲ್ಲಿ ಬವೇರಿಯಾದ ಸಂವಿಧಾನ ನ್ಯಾಯಾಲಯವು ನಗರಸಭೆಯ ಆಶಯಕ್ಕೆ ಅನುಕೂಲವಾಗಿ ನುಡಿಯಿತು. ಆದರೆ ೨೦೧೩ರ ಅಕ್ಟೋಬರಿನಲ್ಲಿ ಜರ್ಮನಿಯ ಉನ್ನತ ಆಡಳಿತ ನ್ಯಾಯಾಲಯವು ನಿಯಮವನ್ನು ರದ್ದುಪಡಿಸಿತು. ಎಂಥ ಪ್ರಮಾಣಪತ್ರ ತಂದರೆ ಸಾಕೆಂಬುದು ಕುಟಿಗನಿಗೆ ಸ್ಪಷ್ಟವಾಗಿ ತಿಳಿಯುವಂತಿಲ್ಲ ಎಂಬುದು ಮುಖ್ಯ ಕಾರಣ. ಬಳಿಕ ೨೦೧೬ರಲ್ಲಿ ಬವೇರಿಯಾವು ತನ್ನ ಶವಸಂಸ್ಕಾರ ಕಾಯಿದೆಯನ್ನೇ ತಿದ್ದಿ ನಗರಸಭೆಗಳಿಗೆ ಈ ಅಧಿಕಾರವನ್ನು ಕೊಟ್ಟಿತು.

ಕಾನ್ಸಾಸಿನ ಪಾಠ ಇಲ್ಲಿ ಮತ್ತೆ ನೆನಪಿಗೆ ಬರುತ್ತದೆ. ಸಮಾಧಿಶಿಲೆಯನ್ನು ಕೊಳ್ಳುವವನು ಸತ್ತವನ ಬಂಧು, ನಗರಸಭೆಯಲ್ಲ. ನಗರಸಭೆ ಇಲ್ಲಿ ಕೊಳ್ಳುವ ಕೈಯಲ್ಲ, ಆಳುವ ಕೈ. ಆದುದರಿಂದಲೇ ಅದರ ಮಾತಿಗೆ ಹೆಚ್ಚಿನ ಶಾಸನಬಲವೂ ಸ್ಪಷ್ಟತೆಯೂ ಬೇಕಾದುವು. ತನ್ನದೇ ಬೀದಿಗೆ ತಾನೇ ಕಲ್ಲು ಕೊಳ್ಳುವಾಗ ಅದೇ ನಗರಸಭೆಗೆ ಇಷ್ಟು ತೊಡಕಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಸಂಶಯ ಉಳಿಯುತ್ತದೆ. ನ್ಯೂರೆಂಬರ್ಗಿನ ಸದಸ್ಯರು ಕೈಯೆತ್ತಿದರೆ ಚಾಮರಾಜನಗರದ ಕೂಲಿಕಾರನಿಗೆ ಲಾಭವೋ, ಇದ್ದ ಕೆಲಸವೂ ಹೋಗುವುದೋ? ಕಲ್ಲನ್ನು ಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರೆ ಎರಡನೆಯದೇ ಆಗುವುದು. ಕೊಳ್ಳುತ್ತಲೇ, ಕೂಲಿಯನ್ನೂ ಮುಖಕ್ಕೆ ಕಟ್ಟುವ ಧೂಳುಕಾಪನ್ನೂ ಕರಾರಿನಲ್ಲಿ ಬರೆಸಿ, ಅದಕ್ಕೆ ತಗಲುವ ವೆಚ್ಚವನ್ನು ಬೆಲೆಯಲ್ಲ ಸೇರಿಸಿ ಕೊಟ್ಟು, ನಡೆಯಿತೋ ಇಲ್ಲವೋ ಎಂದು ಗಣಿಯಲ್ಲಿಯೇ ವಿಚಾರಿಸಿದರೆ ಮೊದಲನೆಯದಾದೀತು. ಬಹಿಷ್ಕಾರ ಸುಲಭ; ಕರಾರು ಕಷ್ಟ. ಕೂಲಿಕಾರನಿಗೆ ಬೇಕಾದುದು ಕಷ್ಟದ ದಾರಿಯೇ.

೮

ನಮ್ಮ ನಗರಗಳ ಸ್ಥಿತಿಯೇನು? ೧೯೭೦ರ ಗುತ್ತಿಗೆ ಕಾರ್ಮಿಕ ಕಾಯಿದೆಯು, ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಒಡೆಯನೇ ಕೊಡತಕ್ಕದ್ದೆಂದು ವಿಧಿಸಿತು. ಕಾಗದದ ಮೇಲೆ ಇದು ಲಂಡನ್ನಿನ ಕರಾರಿಗಿಂತಲೂ ಬಲವಾದುದು. ಆಚರಣೆಯನ್ನು ನೋಡಬೇಕಾದರೆ ಮುಂಬಯಿಯ ಕಸ ಸಾಗಿಸುವ ಕಾರ್ಮಿಕರ ಪ್ರಕರಣ ಸಾಕು. ಗುತ್ತಿಗೆಯ ಹೆಸರಿನಲ್ಲಿ ದುಡಿಯುತ್ತಿದ್ದ ೨,೭೦೦ ಮಂದಿಯನ್ನು ಮಹಾನಗರಪಾಲಿಕೆಯ ಕಾಯಂ ಕೆಲಸಗಾರರೆಂದು ಕೈಗಾರಿಕಾ ನ್ಯಾಯಮಂಡಳಿಯು ೨೦೧೪ರಲ್ಲಿ ತೀರ್ಮಾನಿಸಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಪೌರಸಭೆ ಕೊಳ್ಳುವ ಸಾಮಗ್ರಿಗಳಲ್ಲಿ ಅತ್ಯಂತ ಅಗ್ಗವಾಗಿ ಕೊಳ್ಳುವುದು ಮನುಷ್ಯನ ಶ್ರಮವನ್ನೇ ಎಂಬುದನ್ನು ಈ ವ್ಯಾಜ್ಯ ತೋರಿಸಿಕೊಟ್ಟಿತು.

ಕರ್ನಾಟಕವು ೧೯೯೯ರಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕಾಯಿದೆಯನ್ನು ಮಾಡಿತು. ಅದರ ಮುಖ್ಯ ಗುರಿ ಲಂಚ ಮತ್ತು ಗುಟ್ಟಿನ ವ್ಯವಹಾರಗಳಿಗೆ ತಡೆ ಹಾಕುವುದು. ೨೦೧೭ರಲ್ಲಿ ಅದನ್ನು ತಿದ್ದಿ, ೫೦ ಲಕ್ಷ ರೂಪಾಯಿಗಳವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇಕಡಾ ೧೭.೧೫, ಪರಿಶಿಷ್ಟ ಪಂಗಡದವರಿಗೆ ಶೇಕಡಾ ೬.೯೫ರಷ್ಟನ್ನು ಮೀಸಲಿಟ್ಟರು, ಆ ಬಳಿಕ ಮೊತ್ತದ ಮಿತಿ ಏರಿದೆ. ಸರಕಾರದ ಹಣ ಯಾರ ಕೈಗೆ ಸೇರುತ್ತದೆಂಬುದೂ ನ್ಯಾಯದ ವಿಷಯವೇ ಎಂದು ಒಪ್ಪಿದಂತಾಯಿತು. ಆದರೆ ಗುತ್ತಿಗೆದಾರ ಯಾರೆಂಬುದು ನ್ಯಾಯದ ಅರ್ಧ. ಅವನ ಕೈಕೆಳಗೆ ದುಡಿಯುವವನಿಗೆ ಏನು ಸಂದಿತೆಂಬುದು ಉಳಿದ ಅರ್ಧ. ಚರಕಾ ಸಂಘವು ೧೯೩೫ರಲ್ಲಿ ಕಲಿತ ಪಾಠವೇ ಇದು.

ಮೇಲಿನ ಸಮೀಕ್ಷೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದು, ನ್ಯಾಯದ ಕರಾರು ಕೊಳ್ಳುವ ವಸ್ತುವಿಗೇ ಅಂಟಿಕೊಂಡಿರಬೇಕು. ಮಾರುವವನಿಗೆ ಬುದ್ಧಿ ಕಲಿಸುವ ಉತ್ಸಾಹದಿಂದ ಹೊರಟ ಲೂಯಿಷಮ್, ಮಸಾಚುಸೆಟ್ಸ್‌ಗಳು ಸೋತುವು. ಎರಡನೆಯದು, ಅದು ಮೊದಲೇ ಪ್ರಕಟವಾಗಿ ಅಳೆಯಲು ಬರುವಂತಿರಬೇಕು. ಹೆಲ್ಸಿಂಕಿ ಗೆದ್ದುದು, ನ್ಯೂರೆಂಬರ್ಗ್ ಮೊದಲು ಎಡವಿದುದು ಈ ಅಂಶದಲ್ಲಿಯೇ. ಮೂರನೆಯದು, ಬರೆದ ಕರಾರನ್ನು ವಿಚಾರಿಸುವ ಕಣ್ಣು ಇರಬೇಕು. ಈ ಕಣ್ಣಿಲ್ಲದಿದ್ದರೆ ಮೊದಲೆರಡೂ ವ್ಯರ್ಥ.

ಆ ಕಣ್ಣು ಯಾರದು? ಎಲ್ಲ ಕಾಲದಲ್ಲಿಯೂ ಅದು ಊರಿನ ಪ್ರಜೆಯದೇ ಆಗಿದೆ. ೧೮೮೮ರ ಲಂಡನ್ನಿನಲ್ಲಿ ಮತದಾರರು ಕೇಳಿದ್ದರಿಂದ ಬೋರ್ಡು ಕೇಳಿತು. ಬೋರ್ಡು ಕೇಳಿದ್ದರಿಂದ ಪಾರ್ಲಿಮೆಂಟು ಕೇಳಿತು. ನಾವು ನೆಲಸಿದ ನಗರಗಳಲ್ಲಿಯೂ ಬೀದಿಗೆ ಹೊಸ ಕಲ್ಲು ಬೀಳುತ್ತಲೇ ಇರುತ್ತದೆ. ಕಲ್ಲು ಎಷ್ಟಕ್ಕೆ ಬಂದಿತೆಂದು ಕೇಳುವ ಸದಸ್ಯರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಎಲ್ಲಿಂದ ಬಂದಿತು, ಕಡಿದವನಿಗೆ ಏನು ಸಿಕ್ಕಿತು, ಹಾಸುತ್ತಿರುವವನಿಗೆ ಇಂದಿನ ಕೂಲಿ ಇಂದೇ ಸಂದಿತೇ ಎಂದು ಕೇಳುವವರು ಬೇಕಾಗಿದ್ದಾರೆ. ಆ ಕಲ್ಲಿನ ಬಳಿ ಕುಳಿತು ಉಳಿ ಹಿಡಿದವನನ್ನು ನಿಂತು ಮಾತನಾಡಿಸಿದರೆ ಅನೇಕ ಸಲ ಉತ್ತರ ಕನ್ನಡದಲ್ಲಿಯೇ ಬಂದೀತು.